ನಾಲ್ಕು ನಿಮಿಷ ಮುಂಚೆ

ನಾನು ರೇಡಿಯೋ ಟೆಲಿಸ್ಕೋಪಿನಲ್ಲಿ ಆಪರೇಟರ್ ಎಂದರೆ ಜನರಿಗೆ ಮೊದಲ ಪದ ಮಾತ್ರ ಕೇಳಿಸುತ್ತದೆ. ಚಂದಾಪುರದ ಬ್ಯಾಂಕಿನಲ್ಲಿ ಒಬ್ಬರು ನನ್ನ ಕಾರ್ಯಕ್ರಮ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದ್ದರು. ನಮ್ಮ ಮನೆ ಓನರ್ ಗೋಪಾಲಪ್ಪನವರ ಹೆಂಡತಿ ಲಕ್ಷ್ಮಮ್ಮ, ನಾವು ಬಾಡಿಗೆಗೆ ಬಂದ ಮೊದಲ ವಾರವೇ, ಬೆಳಗಿನ ಹೊತ್ತು ದೇವರನಾಮ ಇನ್ನಷ್ಟು ಹಾಕಿಸಿ ಎಂದು ಶಿಫಾರಸು ಮಾಡಿದ್ದರು. ಎರಡನೇ ಪದವೂ ಕೇಳಿಸಿದವರು ಇನ್ನೂ ಕಷ್ಟದವರು. ಅವರು ಮಗಳ ಜಾತಕ ತರುತ್ತಾರೆ.

ಕೆಲಸವೇನೋ ಸರಳ. ನಾಲ್ಕು ಮಹಡಿ ಎತ್ತರದ, ಉಕ್ಕಿನ ಬಲೆ ಹೆಣೆದ ಒಂದು ದೊಡ್ಡ ಬೋಗುಣಿ ಇದೆ. ನಾವು ಅದನ್ನು ಡಿಶ್ ಎನ್ನುತ್ತೇವೆ. ಆಕಾಶದ ಯಾವ ಕಡೆ ನೋಡಬೇಕು ಎಂದು ವಿಜ್ಞಾನಿಗಳು ಬರೆದು ಕೊಡುತ್ತಾರೆ. ನಾನು ಕಂಟ್ರೋಲ್ ರೂಮಿನಲ್ಲಿ ಕುಳಿತು ಅದನ್ನು ಆ ಕಡೆಗೆ ತಿರುಗಿಸುತ್ತೇನೆ, ಗಾಳಿ ಜೋರಾದರೆ ಮುಖ ಮೇಲೆ ಮಾಡಿ ನಿಲ್ಲಿಸುತ್ತೇನೆ, ಗಂಟೆಗೊಮ್ಮೆ ಲಾಗ್ ಪುಸ್ತಕದಲ್ಲಿ ಬರೆಯುತ್ತೇನೆ. ಆಕಾಶದಿಂದ ಬರುವ ರೇಡಿಯೋ ಅಲೆಗಳಿಗೆ ಹಗಲು ರಾತ್ರಿ ಎಂಬ ಭೇದವಿಲ್ಲ. ನನ್ನದು ಹಗಲು ಪಾಳಿ. ಹಾಗಾಗಿ ಹನ್ನೊಂದು ವರ್ಷ ವೀಕ್ಷಣಾಲಯದಲ್ಲಿ ಕಳೆದರೂ ಅಲ್ಲಿಂದ ಒಂದು ನಕ್ಷತ್ರವನ್ನೂ ನಾನು ಕಣ್ಣಾರೆ ಕಂಡಿಲ್ಲ. ಕಂಡದ್ದೆಲ್ಲ ಪರದೆಯ ಮೇಲೆ ಹರಿಯುವ ಒಂದು ಅಂಕುಡೊಂಕು ಗೆರೆ.

ವೀಕ್ಷಣಾಲಯ ಇರುವುದು ಆನೇಕಲ್ ದಾಟಿ, ಗುಡ್ಡಗಳು ಮೂರು ಕಡೆ ಅಡ್ಡ ನಿಂತ ಒಂದು ತಗ್ಗಿನಲ್ಲಿ. ಕಟ್ಟಿದ ಕಾಲಕ್ಕೆ ಸುತ್ತ ರಾಗಿ ಹೊಲ ಬಿಟ್ಟರೆ ಏನೂ ಇರಲಿಲ್ಲವಂತೆ. ಈಗ ಎಲೆಕ್ಟ್ರಾನಿಕ್ ಸಿಟಿಯಿಂದ ಜಿಗಣಿಯವರೆಗೆ ಗಾಳಿಯಲ್ಲಿ ಫೋನಿನ ಮಾತು ತುಂಬಿ ತುಳುಕುತ್ತದೆ. ನಮ್ಮ ಡಿಶ್ಶಿಗೆ ಅದೆಲ್ಲ ಕಿವಿಗಡಚಿಕ್ಕುವ ಗದ್ದಲ. ಅದಕ್ಕೇ ಗೇಟಿನಲ್ಲೇ ಮೊಬೈಲ್ ಬಂದ್ ಮಾಡಿ ಕೊಟ್ಟು ಒಳಗೆ ಹೋಗಬೇಕು. ಮೈಕ್ರೋವೇವ್ ಒಲೆಯೂ ನಿಷಿದ್ಧ. ಬ್ರಹ್ಮಾಂಡದ ರಹಸ್ಯ ತಿಳಿಯಲು ನಾನು ಮಾಡಿದ ತ್ಯಾಗವೇನಾದರೂ ಇದ್ದರೆ ಅದು ಹನ್ನೊಂದು ವರ್ಷ ತಣ್ಣಗಿನ ಚಿತ್ರಾನ್ನ ತಿಂದದ್ದು.

ಕಳೆದ ನವೆಂಬರಿನಲ್ಲಿ ನಮ್ಮ ಹಿರಿಯ ವಿಜ್ಞಾನಿ ಡಾ. ಸತ್ಯವತಿ ಒಂದು ಗೆಲಾಕ್ಸಿಯನ್ನು ತಿಂಗಳಿಡೀ ನೋಡುವ ಕೆಲಸ ಹಾಕಿಕೊಂಡಿದ್ದರು. ಬೆಳಗಿನ ಜಾವ ಹುಟ್ಟಿ, ಮಧ್ಯಾಹ್ನ ನೈರುತ್ಯದ ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ ಅದು ಮುಳುಗುತ್ತಿತ್ತು. ಅದು ಹೋದಲ್ಲಿಗೆ ಡಿಶ್ ಹೋಗಬೇಕು. ಡೇಟಾವನ್ನು ಅವರು ತಿಂಗಳ ಕೊನೆಗೆ ಒಟ್ಟಿಗೆ ನೋಡುವವರಿದ್ದರು. ಅಲ್ಲಿಯವರೆಗೆ ಪರದೆಯ ಮುಂದೆ ಇರುವವನು ನಾನೊಬ್ಬನೇ.

ನವೆಂಬರ್ ನಾಲ್ಕರಂದು ಮಧ್ಯಾಹ್ನ ಎರಡು ಹತ್ತಕ್ಕೆ, ಡಿಶ್ ಆ ಸಂದಿನ ಹತ್ತಿರ ಬಾಗಿದ್ದಾಗ, ಗೆರೆಯ ಮೇಲೆ ಮುಳ್ಳಿನಂತೆ ಒಂದು ಏಟು ಮೂಡಿತು. ಒಂದು ಸೆಕೆಂಡು ಚಿಲ್ಲರೆ ಬಿಟ್ಟು ಇನ್ನೊಂದು. ಮತ್ತೊಂದು. ಗಡಿಯಾರದಷ್ಟು ನಿಯತ್ತಾಗಿ ಒಂಬತ್ತು ನಿಮಿಷ ಬಂದು ಅದು ನಿಂತುಹೋಯಿತು.

ಇಂಥದ್ದು ಕಂಡರೆ ಏನು ಮಾಡಬೇಕು ಎಂಬುದು ನನ್ನ ಮೇಜಿನ ಮುಂದಿನ ಗೋಡೆಯ ಮೇಲೆ ಅಂಟಿಸಿದ ಹಾಳೆಯಲ್ಲೇ ಇದೆ. ಲಾಗಿನಲ್ಲಿ ಬರೆಯಬೇಕು, ವಿಜ್ಞಾನಿಗೆ ತಿಳಿಸಬೇಕು. ಆ ಹಾಳೆಯನ್ನು ಅಂಟಿಸಿದವನೂ ನಾನೇ. ಆದರೆ ಅವತ್ತು ನಾನು ಬರೆಯಲಿಲ್ಲ. ನಾಳೆ ಬಂದರೆ ನೋಡೋಣ ಎಂದುಕೊಂಡೆ. ಮರುದಿನ ಅದು ಎರಡು ಗಂಟೆ ಆರು ನಿಮಿಷಕ್ಕೆ ಬಂತು. ಅದರ ಮರುದಿನ ಎರಡು ಗಂಟೆ ಎರಡು ನಿಮಿಷಕ್ಕೆ. ನಾನು ಎದ್ದು ಹೋಗಿ ಕಂಟ್ರೋಲ್ ರೂಮಿನ ಬಾಗಿಲು ಹಾಕಿಕೊಂಡು ಬಂದೆ.

ಯಾಕೆಂದರೆ ನಕ್ಷತ್ರಗಳು ನಮ್ಮ ಗಡಿಯಾರ ನೋಡಿಕೊಂಡು ನಡೆಯುವುದಿಲ್ಲ. ಇವತ್ತು ಹತ್ತು ಗಂಟೆಗೆ ಹುಟ್ಟಿದ ನಕ್ಷತ್ರ ನಾಳೆ ಹತ್ತಕ್ಕೆ ನಾಲ್ಕು ನಿಮಿಷ ಇರುವಾಗಲೇ ಹುಟ್ಟುತ್ತದೆ, ನಾಡಿದ್ದು ಇನ್ನೂ ನಾಲ್ಕು ನಿಮಿಷ ಮುಂಚೆ. ಭೂಮಿಯ ಗದ್ದಲ ಹಾಗಲ್ಲ. ಕ್ಯಾಂಟೀನಿನ ಮಿಕ್ಸಿ ದಿನಾ ಹನ್ನೊಂದಕ್ಕೇ ತಿರುಗುತ್ತದೆ, ಸೆಕ್ಯುರಿಟಿ ಕೃಷ್ಣ ಕದ್ದು ಫೋನ್ ಹಚ್ಚುವುದು ದಿನಾ ಊಟವಾದ ಮೇಲೆಯೇ. ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವುದೆಂದರೆ ಅದು ಆಕಾಶದ್ದು. ಸೆಕೆಂಡಿಗೊಂದರಂತೆ ಮಿಡಿಯುವುದೆಂದರೆ ಪಲ್ಸಾರ್. ಸತ್ತ ನಕ್ಷತ್ರದ ಗಟ್ಟಿ ತಿರುಳು ಅದು. ಗಿರಗಿರ ತಿರುಗುತ್ತ ಸುತ್ತಿಗೊಮ್ಮೆ ನಮ್ಮ ಕಡೆಗೆ ಒಂದು ರೇಡಿಯೋ ಮಿಡಿತ ಎಸೆಯುತ್ತದೆ. ಪಟ್ಟಿಯಲ್ಲಿ ಹುಡುಕಿದೆ. ಆ ಜಾಗದಲ್ಲಿ ಯಾರೂ ಪಲ್ಸಾರ್ ಕಂಡಿರಲಿಲ್ಲ. ಟಿ. ದಾಸರಹಳ್ಳಿಯ ಸಂಜೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ ಈ ಶ್ಯಾಮಸುಂದರ ಕಂಡಿದ್ದ.

ನಾನು ಪೂರಾ ಮೂರ್ಖನಲ್ಲ ಎಂದು ತೋರಿಸಲು ಇಷ್ಟು ಹೇಳಬೇಕು: ಅನುಮಾನ ಪಡಬೇಕಾದ್ದರ ಮೇಲೆಲ್ಲ ಪಟ್ಟೆ. ಮಿಕ್ಸಿ ನಿಲ್ಲಿಸಿದೆ. ಕೃಷ್ಣನ ಫೋನನ್ನು ಒಂದು ದಿನ ಇಡೀ ನನ್ನ ಡ್ರಾಯರಿನಲ್ಲಿ ಬೀಗ ಹಾಕಿಟ್ಟೆ. ನನ್ನ ಸ್ಕೂಟರನ್ನು ಗೇಟಿನಾಚೆ ಅರ್ಧ ಕಿಲೋಮೀಟರ್ ದೂರ ನಿಲ್ಲಿಸಿ ನಡೆದು ಬಂದೆ. ಮಿಡಿತ ಬಂತು, ನಾಲ್ಕು ನಿಮಿಷ ಮುಂಚೆ. ಅನುಮಾನ ಪಡದೇ ಬಿಟ್ಟದ್ದು ನನ್ನೊಬ್ಬನ ಮೇಲೆ.

ಆ ಭಾನುವಾರ ಪಾಳಿ ಮುಗಿಸಿ ಬಾಗಲಗುಂಟೆಗೆ ಹೋಗಿದ್ದೆ. ಅಪ್ಪ ಅಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ಲೇತ್ ಮೇಲೆ ಲೋಹ ಕಡೆಯುವ ಟರ್ನರ್ ಆಗಿದ್ದವರು, ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಬದುಕಿದವರು. ನಾನು ಗುಟ್ಟಾಗಿ ಎಲ್ಲ ಹೇಳಿದೆ. ಅವರು ಕಡಲೆಕಾಯಿ ಬಿಡಿಸುತ್ತ ಕೇಳಿಸಿಕೊಂಡು, "ಬೇರೆಯವರ ಕೈಲಿ ಒಂದ್ಸಲ ಅಳತೆ ತೆಗೆಸಿದ್ಯಾ?" ಎಂದರು. ನನಗೆ ಬೇಸರವಾಯಿತು. ಆಕಾಶಕ್ಕೂ ಲೇತ್ ಮಷೀನಿಗೂ ವ್ಯತ್ಯಾಸವಿದೆ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಇರಬಹುದಪ್ಪ ಎಂದು ಅವರು ಮತ್ತೊಂದು ಕಾಯಿ ತೆಗೆದುಕೊಂಡರು.

ಹೆಂಡತಿ ರಂಜನಿಗೂ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, ಆಫೀಸಿನಲ್ಲಿ ಹೇಳಿದ್ದೀರಾ ಎಂದು. ಇಪ್ಪತ್ತು ದಿನದ ದಾಖಲೆ ಕೈಯಲ್ಲಿರಲಿ, ಆಮೇಲೆ ಹೇಳುತ್ತೇನೆ ಎಂದೆ. ನಿಜ ಹೇಳಬೇಕೆಂದರೆ, ಈಗಲೇ ಹೇಳಿದರೆ ಅದು ಸತ್ಯವತಿ ಮೇಡಂ ಅವರ ಪಲ್ಸಾರ್ ಆಗಿಬಿಡುತ್ತದೆ ಎಂದು ನನಗೆ ಭಯ. ಬಚ್ಚಲಿನ ಕನ್ನಡಿಯ ಮುಂದೆ ನಿಂತು, "ಇದರಲ್ಲಿ ನನ್ನದೇನೂ ಇಲ್ಲ, ಎಲ್ಲ ತಂಡದ ಶ್ರಮ" ಎಂದು ವಿನಯದಿಂದ ಹೇಳುವುದನ್ನು ಎರಡು ಮೂರು ಬಗೆಯಲ್ಲಿ ಅಭ್ಯಾಸ ಮಾಡಿದ್ದೆ. ತಂಡಕ್ಕೆ ಮಾತ್ರ ಏನೂ ಗೊತ್ತಿರಲಿಲ್ಲ.

ಯಾರಿಗೂ ಹೇಳಬೇಡ ಎಂದಿದ್ದೆ. ರಂಜನಿ ಯಾರಿಗೂ ಹೇಳಲಿಲ್ಲ. ನೀರಿನ ಮೋಟರ್ ಹಾಕಲು ಕೆಳಗೆ ಹೋದಾಗ ಲಕ್ಷ್ಮಮ್ಮನವರಿಗೆ ಹೇಳಿದಳು ಅಷ್ಟೇ. ನಮ್ಮವರಿಗೆ ಹೊಸ ಪಲ್ಸಾರ್ ಸಿಕ್ಕಿದೆ ಎಂದಳಂತೆ. ಲಕ್ಷ್ಮಮ್ಮ ಸಂಜೆ ನನ್ನನ್ನು ಮೆಟ್ಟಿಲ ಬಳಿ ತಡೆದು, ಗಾಡಿ ಎಲ್ಲಿ, ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದಿರೋ ಇಲ್ಲವೋ ಎಂದು ಕೇಳಿದರು. ಪಲ್ಸರ್ ಬೈಕಲ್ಲ, ನಕ್ಷತ್ರ ಎಂದು ತಿದ್ದಿದೆ. ಅಷ್ಟಕ್ಕೆ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಹತ್ತು ದಿನದಿಂದ ಗಂಟಲಲ್ಲಿ ಕಟ್ಟಿಟ್ಟದ್ದು ಹೊರಗೆ ಬಂತು. ಮೆಟ್ಟಿಲ ಮೇಲೆ ನಿಂತು ಅರ್ಧ ಗಂಟೆ ಮಾತಾಡಿದೆ. ಪ್ರಪಂಚದಲ್ಲಿ ಮೊದಲು ಕಂಡವನು ನಾನೇ ಎಂಬುದನ್ನು ಮೂರು ಸಲವಾದರೂ ಹೇಳಿರಬೇಕು.

ಮರುದಿನ ಬೆಳಿಗ್ಗೆ ಗೋಪಾಲಪ್ಪ ಮೇಲೆ ಬಂದರು. ಅರವತ್ತೈದು ದಾಟಿದ, ಹೆಚ್ಚು ಮಾತಾಡದ ಮನುಷ್ಯ. ಹಿಂದೆ ಅವರ ಹೊಲವಿದ್ದ ಕಡೆಯೇ ಈಗ ನಮ್ಮ ಬಡಾವಣೆ ಇದೆ. ಅದರ ಕ್ಷೇಮಾಭಿವೃದ್ಧಿ ಸಂಘಕ್ಕೆ ಅವರೇ ಅಧ್ಯಕ್ಷರು. ಊರಾಚೆ ಎಲ್ಲೋ ಇನ್ನೂ ಎರಡು ಎಕರೆ ಉಳಿಸಿಕೊಂಡು ರಾಗಿ ಬೆಳೆಯುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು. ಎಲ್ಲಿ ಎಂದು ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಏನ್ ಸಾರ್, ಅದೇನೋ ನಕ್ಸತ್ರ ಕಂಡಿಡ್ದಿದ್ದೀರಂತೆ. ಒಬ್ಬರ್ಗೂ ಏಳ್ದೆ ಸುಮ್ಕಿದ್ದೀರಲ್ಲ," ಎಂದರು. ಭಾನುವಾರ ಸಂಘದ ರಾಜ್ಯೋತ್ಸವವಿದೆ, ಈ ಸಲ ಸನ್ಮಾನಕ್ಕೆ ಯಾರೂ ಸಿಕ್ಕಿರಲಿಲ್ಲ, ಮನೆಯಲ್ಲೇ ಇಂಥವರನ್ನು ಇಟ್ಟುಕೊಂಡು ಹೊರಗೆ ಹುಡುಕುತ್ತಿದ್ದೆವು ಎಂದರು.

ಬೇಡ ಎಂದೆ. ಆದರೆ ಬೇಡ ಎನ್ನುವುದರಲ್ಲೂ ಬಗೆ ಇರುತ್ತದೆ. ನಾನು ಅಂದದ್ದು ಇನ್ನೊಮ್ಮೆ ಒತ್ತಾಯ ಮಾಡಿಸಿಕೊಳ್ಳುವ ಬಗೆಯ ಬೇಡ. ಅವರು ಇನ್ನೊಮ್ಮೆ ಒತ್ತಾಯಿಸಿದರು. ಶನಿವಾರ ನಾನು ತಲೆಗೆ ಬಣ್ಣ ಹಚ್ಚಿಕೊಂಡೆ.

ಭಾನುವಾರದ ಹೊತ್ತಿಗೆ ಚಂದಾಪುರದ ಸರ್ಕಲ್ಲಿನಲ್ಲಿ ಹತ್ತು ಅಡಿ ಫ್ಲೆಕ್ಸ್ ಎದ್ದಿತ್ತು. ನಡುವೆ ಭುವನೇಶ್ವರಿ, ಒಂದು ಪಕ್ಕದಲ್ಲಿ ಕೈಮುಗಿದ ಗೋಪಾಲಪ್ಪ, ಇನ್ನೊಂದು ಪಕ್ಕದಲ್ಲಿ ನಾನು. ಕೆಳಗೆ "ಹೊಸ ನಕ್ಷತ್ರ ಕಂಡುಹಿಡಿದ ನಮ್ಮ ಬಡಾವಣೆಯ ಹೆಮ್ಮೆಯ ಖಗೋಳ ವಿಜ್ಞಾನಿ ಡಾ. ಶ್ಯಾಮಸುಂದರ" ಎಂದು ಬರೆಸಿದ್ದರು. ಡಾಕ್ಟರ್ ಯಾಕೆ ಹಾಕಿಸಿದಿರಿ ಎಂದು ಕೇಳಿದ್ದಕ್ಕೆ, ಫ್ಲೆಕ್ಸಿನವನು ಜಾಗ ಖಾಲಿ ಇದೆ ಎಂದು ತಾನೇ ಹಾಕಿಕೊಟ್ಟ ಎಂದರು. ತೆಗೆಸಿ ಎಂದು ನಾನು ಹೇಳಲಿಲ್ಲ.

ಸಂಜೆ ಪೆಂಡಾಲಿನಲ್ಲಿ ಗೋಪಾಲಪ್ಪ ತಮ್ಮ ಕೈಯಾರೆ ನನ್ನ ತಲೆಗೆ ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಭ್ಯಾಸ ಮಾಡಿದ್ದ ವಿನಯವನ್ನೆಲ್ಲ ಮೈಕಿನಲ್ಲಿ ಪ್ರದರ್ಶಿಸಿದೆ. ಎಂಟನೇ ತರಗತಿಯ ಒಬ್ಬಳು ಎದ್ದು ನಿಂತು, ಅದು ಎಷ್ಟು ದೂರ ಇದೆ ಸಾರ್ ಎಂದು ಕೇಳಿದಳು. ಸಾವಿರಾರು ಜ್ಯೋತಿರ್ವರ್ಷ ಎಂದೆ. ಜನ ಚಪ್ಪಾಳೆ ತಟ್ಟಿದರು. ರಂಜನಿ ಮಾತ್ರ ಎರಡನೇ ಸಾಲಿನಲ್ಲಿ ಕುಳಿತು ನೆಲ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸತ್ಯವತಿ ಮೇಡಂ ನನ್ನನ್ನು ಕರೆಸಿದರು. ಅವರು ದಿನಾ ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ಚಂದಾಪುರ ಸರ್ಕಲ್ ಹಾದೇ ಬರುತ್ತಾರೆ. ಅದು ನನಗೆ ಗೊತ್ತಿದ್ದ ವಿಷಯ. ಆದರೂ ಹೊಳೆದಿರಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಅವರು ಕುರ್ಚಿ ತೋರಿಸಿ, ಫ್ಲೆಕ್ಸಿನಲ್ಲಿ ಫೋಟೋ ಚೆನ್ನಾಗಿ ಬಂದಿದೆ ಎಂದರು. ಆಮೇಲೆ ದಾಖಲೆಯನ್ನೆಲ್ಲ ತರಿಸಿ ಹಾಳೆ ಹಾಳೆಯಾಗಿ ನೋಡಿದರು. ನಾಲ್ಕು ನಿಮಿಷದ ಲೆಕ್ಕ ಅವರಿಗೂ ಕಂಡಿತು. ಒಂದು ಕ್ಷಣ ಅವರ ಹುಬ್ಬೂ ಮೇಲೆ ಹೋದದ್ದನ್ನು ನಾನು ನೋಡಿದೆ. ಕೊನೆಗೆ ಕನ್ನಡಕ ತೆಗೆದರು.

"ಶ್ಯಾಮಸುಂದರ್, ಆ ಗೆಲಾಕ್ಸಿ ಇಲ್ಲದ ಹೊತ್ತಲ್ಲಿ ಡಿಶ್‌ನ ಅದೇ ಜಾಗಕ್ಕೆ ಬಾಗಿಸಿ ನೋಡಿದ್ರಾ?"

ನೋಡಿರಲಿಲ್ಲ. ಇಬ್ಬರೂ ಕಂಟ್ರೋಲ್ ರೂಮಿಗೆ ಹೋದೆವು. ಬೆಳಗಿನ ಹನ್ನೊಂದಕ್ಕೆ ನಾನು ಡಿಶ್ಶನ್ನು ಗುಡ್ಡಗಳ ನಡುವಿನ ಸಂದಿಗೆ ಬಾಗಿಸಿದೆ. ಗೆಲಾಕ್ಸಿ ಆಗ ಆಕಾಶದಲ್ಲಿ ಬೇರೆಲ್ಲೋ ಇತ್ತು. ಪರದೆಯ ಮೇಲೆ ಮಿಡಿತ ಬಂತು. ಒಂಬತ್ತು ನಿಮಿಷಕ್ಕೆ ನಿಲ್ಲಲೂ ಇಲ್ಲ. ಡಿಶ್ ಅಲ್ಲಿರುವಷ್ಟು ಹೊತ್ತೂ ಬರುತ್ತಲೇ ಇತ್ತು.

ಯಾರೋ ಟಾರ್ಚ್ ಹಿಡಿದು ದಿನಾ ಗೋಡೆಯುದ್ದಕ್ಕೂ ಬೆಳಕು ಹಾಯಿಸುತ್ತಾನೆ ಎಂದಿಟ್ಟುಕೊಳ್ಳಿ. ಮೂಲೆಗೆ ಬಂದಾಗೆಲ್ಲ ಒಂದು ಜೇಡ ಕಾಣುತ್ತದೆ. ಜೇಡ ಇಡೀ ದಿನ ಅಲ್ಲೇ ಇರುತ್ತದೆ. ಇವನು ಮಾತ್ರ, ಎಂಥ ಜೇಡ, ಸರಿಯಾಗಿ ನಾನು ಬರುವ ಹೊತ್ತಿಗೇ ಬರುತ್ತದೆ ಎಂದು ಬೆರಗಾಗುತ್ತಾನೆ. ನಾಲ್ಕು ನಿಮಿಷ ಮುಂಚೆ ಬರುತ್ತಿದ್ದದ್ದು ಮಿಡಿತವಲ್ಲ, ಗೆಲಾಕ್ಸಿಯ ಹಿಂದೆ ಹೋಗುತ್ತಿದ್ದ ನನ್ನ ಡಿಶ್. ಹನ್ನೊಂದು ವರ್ಷ ಅದನ್ನು ತಿರುಗಿಸಿದವನಿಗೆ, ತಿರುಗಿಸುತ್ತಿರುವವನು ತಾನು ಎಂಬುದೇ ಮರೆತುಹೋಗಿತ್ತು.

ಇದು ನೆಲದ ಮೇಲಿನ ಗದ್ದಲ, ಹುಡುಕಿ ಬನ್ನಿ ಎಂದು ಮೇಡಂ ನನ್ನನ್ನೇ ಕಳಿಸಿದರು. ಅದಕ್ಕೊಂದು ಕೈ ಆಂಟೆನಾ ಇದೆ, ಹಳೇ ಕಾಲದ ಟಿವಿ ಆಂಟೆನಾದ ತಮ್ಮನ ಹಾಗೆ. ಅದಕ್ಕೆ ಜೋಡಿಸಿದ ಪೆಟ್ಟಿಗೆ, ಮಿಡಿತ ಸಿಕ್ಕ ಕಡೆ ಟಕ್ ಟಕ್ ಎನ್ನುತ್ತದೆ. ಮಂಗಳವಾರ ಅದನ್ನು ಹಿಡಿದು ಸ್ಕೂಟರಿನಲ್ಲಿ ನೈರುತ್ಯದ ಹಳ್ಳಿಗಳನ್ನು ಸುತ್ತಿದೆ. ಒಂದೂರಿನಲ್ಲಿ ಕೇಬಲ್ಲಿನವನು ಎಂದು ತಿಳಿದು ಮೂರು ಚಾನೆಲ್ ಬರುತ್ತಿಲ್ಲ ಎಂದು ದೂರು ಕೊಟ್ಟರು. ಇನ್ನೊಂದೂರಿನಲ್ಲಿ ಕರೆಂಟ್ ಕಳ್ಳತನ ಹಿಡಿಯಲು ಬಂದವನು ಎಂದು ನಾಲ್ಕು ಮನೆಯ ಬಾಗಿಲು ಮುಚ್ಚಿದವು. ಪೇಟ ತೊಟ್ಟು ಎರಡು ದಿನವೂ ಆಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಬೆನ್ನಿಗೆ, ಕಾಡಿನ ಅಂಚಿಗೆ ತಾಗಿದ ಒಂದು ರಾಗಿ ಹೊಲದ ಬಳಿ ಟಕ್ ಟಕ್ ಜೋರಾಯಿತು. ಹೊಲದ ಸುತ್ತ ನಾಲ್ಕೆಳೆ ತಂತಿಯ ಸೋಲಾರ್ ಬೇಲಿ. ಬನ್ನೇರುಘಟ್ಟದ ಕಡೆಯಿಂದ ಇಳಿಯುವ ಆನೆ, ಹಂದಿ ತಡೆಯಲು ಹಾಕುವಂಥದ್ದು. ಸೆಕೆಂಡಿಗೊಂದರಂತೆ ತಂತಿಯಲ್ಲಿ ಒಂದು ಏಟು ಕರೆಂಟ್ ಬಿಡುತ್ತದೆ, ಮುಟ್ಟಿದರೆ ಜುಮ್ಮೆನ್ನಿಸುತ್ತದೆ, ಕೊಲ್ಲುವುದಿಲ್ಲ. ಒಂದು ಕಂಬದಲ್ಲಿ ತಂತಿ ಹಿಡಿಯುವ ಪಿಂಗಾಣಿ ಸೀಳಿತ್ತು, ಹುಲ್ಲು ಎದ್ದು ತಂತಿಗೆ ತಾಗಿತ್ತು. ಏಟು ಬಂದಾಗೆಲ್ಲ ಅಲ್ಲಿ ಚಿಟ್ಟೆಂದು ಸಣ್ಣ ಕಿಡಿ ಹಾರುತ್ತಿತ್ತು. ಆ ಕಿಡಿಯೇ ನನ್ನ ಪಲ್ಸಾರ್. ಸಾವಿರಾರು ಜ್ಯೋತಿರ್ವರ್ಷ ಎಂದಿದ್ದೆ. ವೀಕ್ಷಣಾಲಯದಿಂದ ಮೂರು ಕಿಲೋಮೀಟರ್.

ರಾಗಿಯ ನಡುವಿನಿಂದ ಹುಲ್ಲಿನ ಹೊರೆ ಹೊತ್ತು ಒಬ್ಬರು ಎದ್ದರು. ಲಕ್ಷ್ಮಮ್ಮ. ನನ್ನನ್ನು ನೋಡಿ ಅವರಿಗೆ ಸಂತೋಷವೇ ಆಯಿತು. ಹೊಲ ನೋಡಲು ಬಂದಿರಾ, ತೆನೆ ಕಟ್ಟಿದ ಮೇಲೆ ಈ ತಿಂಗಳ ಮೊದಲಲ್ಲಿ ಬೇಲಿಗೆ ಕರೆಂಟ್ ಕೊಟ್ಟೆವು, ಒಂದು ಆನೆಯೂ ಒಳಗೆ ಕಾಲಿಟ್ಟಿಲ್ಲ ಎಂದು ಹೇಳಿದರು. ಕೈಯಲ್ಲಿದ್ದ ಆಂಟೆನಾ ಏನೆಂದು ಕೇಳಿದರು. ಆಫೀಸಿನದು ಎಂದೆ. ಅವರ ಎದುರು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಬುಧವಾರ ಪರೀಕ್ಷೆ. ಬೇಲಿಯ ಕರೆಂಟ್ ಆಫ್ ಮಾಡಿದಾಗ ಪರದೆಯ ಮಿಡಿತವೂ ನಿಂತರೆ ಖಾತ್ರಿ. ಡಿಶ್ಶನ್ನು ಆ ಸಂದಿಗೇ ಬಾಗಿಸಿಟ್ಟು, ಮಧ್ಯಾಹ್ನ ಎರಡರಿಂದ ಎರಡೂಕಾಲರವರೆಗೆ ಆಫ್, ಆಮೇಲೆ ಆನ್ ಎಂದು ಮೇಡಂ ಮತ್ತು ನಾನು ಗಡಿಯಾರ ಹೊಂದಿಸಿಕೊಂಡೆವು. ಬೇಲಿಯ ಪೆಟ್ಟಿಗೆ ಇದ್ದದ್ದು ಪಂಪ್‌ಹೌಸಿನಲ್ಲಿ. ಸ್ವಲ್ಪ ಹೊತ್ತು ನಿಲ್ಲಿಸಿ ನೋಡಬೇಕು ಎಂದಾಗ ಲಕ್ಷ್ಮಮ್ಮ ಯಾಕೆ ಏನು ಎನ್ನದೆ ಸೊಂಟದಿಂದ ಕೀ ಬಿಚ್ಚಿ ಕೊಟ್ಟರು. ಆಮೇಲೆ ಹಾಕಿಬಿಡಿ, ಕೀ ಮನೆಯಲ್ಲಿ ಕೊಡಿ ಎಂದು ಹೇಳಿ, ಹುಲ್ಲು ಹೊತ್ತು ಹೊರಟರು.

ಎರಡಕ್ಕೆ ಸ್ವಿಚ್ ಆಫ್ ಮಾಡಿ, ಹೊರಗೆ ಬಂದು ಪಂಪ್‌ಹೌಸಿಗೆ ಬೀಗ ಹಾಕಿದೆ. ಹೊಲದಲ್ಲಿ ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಹದಿನೈದು ನಿಮಿಷ ನೆರಳಲ್ಲಿ ಕೂರಬೇಕಿತ್ತು. ಐದು ನಿಮಿಷ ಕುಳಿತೆ. ಪರದೆಯ ಮೇಲೆ ಏನಾಗಿದೆಯೋ ಎಂದು ತಡೆಯಲಾಗಲಿಲ್ಲ. ಸ್ಕೂಟರ್ ಹತ್ತಿ ಹೊರಟೇಬಿಟ್ಟೆ. ಕಂಟ್ರೋಲ್ ರೂಮಿನಲ್ಲಿ ಗೆರೆ ನೀರಿನ ಹಾಗೆ ಶಾಂತವಾಗಿತ್ತು. ಸರಿಯಾಗಿ ಎರಡಕ್ಕೆ ನಿಂತಿತು ಎಂದು ಮೇಡಂ ತೋರಿಸಿದರು. ಸೋಲಾರ್ ಬೇಲಿ ಇಷ್ಟು ದೂರದಿಂದ ಹೀಗೆ ತೊಂದರೆ ಕೊಟ್ಟದ್ದು ನಮ್ಮಲ್ಲಿ ಇದೇ ಮೊದಲು, ಚೆನ್ನಾಗಿ ಹುಡುಕಿದಿರಿ ಎಂದರು. ಹೊಗಳಿಕೆ ನನಗೆ ಯಾವತ್ತೂ ಆಗಿಬರುವುದಿಲ್ಲ. ಮಿಡಿತ ಮತ್ತೆ ಶುರುವಾಗಿಲ್ಲವಲ್ಲ ಎಂದು ಅವರಿಗೂ ಹೊಳೆಯಲಿಲ್ಲ. ಅಷ್ಟರಲ್ಲಿ ಯಾರೋ ಅವರನ್ನು ಕರೆದಿದ್ದರು. ನಾನು ಮನೆಗೆ ಬಂದು, ಪ್ಯಾಂಟನ್ನು ಮೊಳೆಗೆ ತೂಗುಹಾಕಿ, ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಆರೂವರೆಗೆ ಕೆಳಗಿನಿಂದ ಗೋಪಾಲಪ್ಪನವರ ದನಿ ಕೇಳಿಸಿತು. ಅವರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ರಾತ್ರಿ ಮೂರು ಆನೆ ಇಳಿದು ಅರ್ಧ ಎಕರೆ ರಾಗಿಯನ್ನು ತಿಂದು ತುಳಿದು ಹೋಗಿದ್ದವು. ಬೇಲಿ ಹಾಕಿಕೊಟ್ಟ ಅಂಗಡಿಯವನು ಮೋಸ ಮಾಡಿದ್ದಾನೆ, ತಿಂಗಳೂ ತುಂಬಿಲ್ಲ, ಕೈಕೊಟ್ಟಿದೆ, ಇವತ್ತು ಅವನ ಅಂಗಡಿ ಮುಂದೆ ಹೋಗಿ ಕೂರುತ್ತೇನೆ ಎಂದು ಅವರು ಫೋನಿನಲ್ಲಿ ಹೇಳುತ್ತಿದ್ದರು.

ನಾನು ಎದ್ದು ಮೊಳೆಯ ಮೇಲಿದ್ದ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಕೀ ಇತ್ತು.

ರಂಜನಿ ಕಾಫಿ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಳು. ನನ್ನ ತಲೆಯಲ್ಲಿ ಬಂದದ್ದನ್ನೆಲ್ಲ ಹೇಳಿದರೆ ಮರ್ಯಾದೆ ಹೋಗುತ್ತದೆ. ಆದರೂ ಉಳಿದಿರುವುದು ಎಷ್ಟು ಮಹಾ. ಮೆಲ್ಲಗೆ ಹೋಗಿ ಸ್ವಿಚ್ ಹಾಕಿ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಪಿಂಗಾಣಿ ಸೀಳಿದೆ, ಹುಲ್ಲು ತಾಗಿದೆ, ಅಂಗಡಿಯವನದೂ ತಪ್ಪಿದೆ ಎಂದುಕೊಂಡೆ. ಶಾಲು ಇನ್ನೂ ಕುರ್ಚಿಯ ಬೆನ್ನ ಮೇಲೆಯೇ ಇತ್ತು. ಆ ಅಂಗಡಿಯವನು ಯಾರೋ, ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಗೋಪಾಲಪ್ಪ ಅವನೆದುರು ನಿಂತಿರುತ್ತಾರೆ. ರಂಜನಿ ಹೋಗಿ ಎಂದಳು, ಅಷ್ಟೇ. ಲುಂಗಿಯಲ್ಲೇ ಇಳಿದೆ.

ಕೀಯನ್ನು ಅವರ ಮುಂದೆ ಜಗಲಿಯ ಮೇಲಿಟ್ಟೆ. ನಿನ್ನೆ ಬೇಲಿ ಆಫ್ ಮಾಡಿದವನು ನಾನು, ಆನ್ ಮಾಡಲು ಮರೆತೆ ಎಂದೆ. ಯಾಕೆ ಆಫ್ ಮಾಡಿದಿರಿ ಎಂದರು. ಆಗ ಹಿಂದಿನಿಂದ ಎಲ್ಲ ಹೇಳಬೇಕಾಯಿತು: ಕಿಡಿ, ಡಿಶ್, ನಾಲ್ಕು ನಿಮಿಷ, ನಕ್ಷತ್ರ ಇಲ್ಲದ್ದು. ಲಕ್ಷ್ಮಮ್ಮ ಬಾಗಿಲಲ್ಲಿ ಬಂದು ನಿಂತರು. ಕೀ ಕೊಟ್ಟ ವಿಷಯವನ್ನು ಅವರು ಗಂಡನಿಗೆ ಹೇಳಿರಲಿಲ್ಲವೆಂದು ಕಾಣುತ್ತದೆ. ನಾನು ಮುಗಿಸಿದ ಮೇಲೆ ಗೋಪಾಲಪ್ಪ ಕೀಯನ್ನು ಕೈಗೆತ್ತಿಕೊಂಡರು.

"ಅಂಗಾದ್ರೆ ನಾನ್ ಪೇಟ ಇಕ್ಕಿದ್ದು ನಮ್ ಬೇಲಿಗಾ?" ಎಂದರು.

ಹೌದು ಎಂದೆ.

"ಅದ್ನೇ ಆಪ್ ಮಾಡ್ಬುಟ್ಟು ಬಂದ್ಯಾ?"

ಅದಕ್ಕೂ ಹೌದು ಎಂದೆ. ಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಅಳುತ್ತಿದ್ದಾರೆ ಎಂದುಕೊಂಡೆ. ಭುಜ ಕುಲುಕುತ್ತಿತ್ತು, ಅವರು ನಗುತ್ತಿದ್ದರು. ಗೋಪಾಲಪ್ಪ ನಗಲಿಲ್ಲ. ಅರ್ಧ ಎಕರೆ ಹೋಗಿತ್ತು, ನಗುವುದು ಹೇಗೆ. ಆದರೆ ಅವರು ಅಂಗಡಿಗೂ ಹೋಗಲಿಲ್ಲ. ಆರು ವರ್ಷ ನೀವು, ಸಾರ್ ಎನ್ನುತ್ತಿದ್ದವರು ಆ ಕ್ಷಣಕ್ಕೆ ಏಕವಚನಕ್ಕೆ ಇಳಿದಿದ್ದು ನನಗೆ ಆಮೇಲೆ ಗಮನಕ್ಕೆ ಬಂತು. ಅವರು ಅದರಿಂದ ಮತ್ತೆ ಮೇಲೆ ಹತ್ತಲಿಲ್ಲ. ನಷ್ಟ ಕಟ್ಟಿಕೊಡುತ್ತೇನೆ ಎಂದದ್ದಕ್ಕೆ, ಆನೆ ತಿಂದದ್ದಕ್ಕೆ ನೀನೇನು ಕಟ್ಟಿಕೊಡುತ್ತೀಯ, ಉಳಿದದ್ದು ಕೊಯ್ಯಲು ಆಳು ಸಿಗುತ್ತಿಲ್ಲ, ಮುಂದಿನ ವಾರ ರಜ ಹಾಕಿ ಬಾ ಎಂದರು. ಫ್ಲೆಕ್ಸನ್ನು ಆ ಮಧ್ಯಾಹ್ನವೇ ಇಳಿಸಿದರು.

ಮೇಡಂಗೂ ಎಲ್ಲ ಹೇಳಿದೆ. ಅವರು ಅವತ್ತು ಮೊದಲ ಸಲ ಕೋಪ ಮಾಡಿಕೊಂಡರು, ಅರ್ಧ ನನ್ನ ಮೇಲೆ, ಅರ್ಧ ತಮ್ಮ ಮೇಲೆ; ಆನ್ ಆಯಿತೇ ಎಂದು ನೋಡಬೇಕಾದವರಲ್ಲಿ ಅವರೂ ಒಬ್ಬರಾಗಿದ್ದರಲ್ಲ. ಇಬ್ಬರೂ ಹೊಸ ಪಿಂಗಾಣಿ ತೆಗೆದುಕೊಂಡು ಹೊಲಕ್ಕೆ ಹೋದೆವು. ಅವರೇ ಗೋಪಾಲಪ್ಪನವರಿಗೆ ಕ್ಷಮೆ ಕೇಳಿ, ಒಂದೊಂದು ಕಂಬವನ್ನೂ ಪರೀಕ್ಷಿಸಿದರು. ನಾನು ಹುಲ್ಲು ಕೊಯ್ದೆ. ಕಿಡಿ ನಿಂತಿತು, ಬೇಲಿ ಓಡುತ್ತಿದ್ದರೂ ಪರದೆಯ ಮೇಲೆ ಮಿಡಿತವಿಲ್ಲ. ಲಾಗ್ ಪುಸ್ತಕದಲ್ಲಿ ನವೆಂಬರ್ ನಾಲ್ಕರಿಂದ ಬರೆಯದೇ ಬಿಟ್ಟದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕು ಎಂದು ಶಿಕ್ಷೆಯಾಯಿತು. ಇಪ್ಪತ್ತೆರಡು ಸಹಿ.

ಮುಂದಿನ ವಾರ ನಾಲ್ಕು ದಿನ ರಜ ಹಾಕಿ ಕೊಯ್ಲಿಗೆ ಹೋದೆ. ಮೊದಲ ಗಂಟೆಯಲ್ಲೇ ಕುಡುಗೋಲು ಬೆರಳಿಗೆ ತಾಗಿತು. ಲಕ್ಷ್ಮಮ್ಮ ಅರಿಶಿನ ಮೆತ್ತಿ ಬಟ್ಟೆ ಸುತ್ತಿ, ಕೊಯ್ಯುವುದು ಬೇಡ, ಕೊಯ್ದದ್ದನ್ನು ಕಟ್ಟು ಕಟ್ಟಿ ಎಂದರು. ನಾನು ರಾಗಿಹುಲ್ಲನ್ನೇ ಹುರಿ ಮಾಡಿ ಬಿಗಿಯಾಗಿ ಕಟ್ಟುತ್ತ, ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ, ಸಾಲಿನುದ್ದಕ್ಕೂ ಹೋದೆ. ಪರವಾಗಿಲ್ಲ, ಇದಾದರೂ ಬಂತಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಗತೊಡಗಿತು. ಸಾಲಿನ ತುದಿಯಲ್ಲಿ ಸೊಂಟ ಹಿಡಿದು ನಿಂತು ಹಿಂತಿರುಗಿ ನೋಡಿದೆ. ಲಕ್ಷ್ಮಮ್ಮ ನನ್ನ ಹಿಂದೆಯೇ, ನಾನು ಕಟ್ಟಿದ್ದನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಕಟ್ಟುತ್ತ ಬರುತ್ತಿದ್ದರು.